ಹಂಡೆಯ ನೀರು, ಕೊಳದ ನೀರು

ದಿಲ್ಲಿಯ ಬೇಸಗೆಯನ್ನು ಕುರಿತು ಇನ್ನು ಬರೆಯುವುದಿಲ್ಲವೆಂದು ವಾಚಕರಿಗೆ ಹಿಂದೊಮ್ಮೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಉಳಿಸಿಕೊಂಡು, ಈ ಸಲ ಬೇಸಗೆಗೆ ಹೆದರಿ ಓಡುವವರನ್ನು ಕುರಿತು ಬರೆಯುತ್ತೇವೆ. ಮೇ ತಿಂಗಳು ಬಂದಿತೆಂದರೆ ನಮ್ಮವರಲ್ಲಿ ಅರ್ಧ ಮಂದಿ ಊರಿಗೆ ಹೊರಡುತ್ತಾರೆ. ಊರಿನ ರೈಲಿಗೆ ಟಿಕೇಟು ಸಿಕ್ಕದವರು ಕುಮಾವೂನಿನ ಬೆಟ್ಟ ಹತ್ತುತ್ತಾರೆ. ರಾತ್ರಿ ರೈಲು ಹತ್ತಿದರೆ ಬೆಳಗಿನ ಹೊತ್ತಿಗೆ ಕಾಠಗೋದಾಮು. ಅಲ್ಲಿಂದ ಮೇಲಕ್ಕೆ ನೈನಿತಾಲ್, ಭೀಮತಾಲ್, ನೌಕುಚಿಯಾತಾಲ್. ತಾಲ್ ಎಂದರೆ ಕೊಳ. ಕೊಳ ಕಂಡ ಮೇಲೆ ಈಜು ಬಲ್ಲವರ ಕೈಕಾಲು ಸುಮ್ಮನಿದ್ದೀತೆ?

2016ರ ಜೂನಿನಲ್ಲಿ ನಾವು ಸಂಸಾರ ಸಮೇತ ನೌಕುಚಿಯಾತಾಲಿಗೆ ಹೋಗಿದ್ದೆವು. ಊರಿನಿಂದ ಬಂದಿದ್ದ ಭಾವಮೈದುನನೂ ಜೊತೆಗಿದ್ದ. ತಿಪಟೂರಿನ ಕಡೆಯವನು, ಏಳನೆಯ ವಯಸ್ಸಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ತೋಟದ ಬಾವಿಗೆ ಇಳಿದವನು, ಐವತ್ತಾದರೂ ನೀರು ಕಂಡರೆ ಅಂಗಿ ಬಿಚ್ಚುವವನು. ದೋಣಿ ನಡುಗೊಳಕ್ಕೆ ಬಂದಾಗ ಕೈಯದ್ದಿ ನೋಡಿದ. "ಬಿಸಿಲಿಗಿಟ್ಟ ನೀರಿನ ಹದ, ಭಾವ!" ಎಂದ. ದೋಣಿಯವನು ಹಿಂದಿಯಲ್ಲಿ ಬೇಡವೆನ್ನುತ್ತಿದ್ದಂತೆಯೇ, ನಮ್ಮ ಮನೆಯವರು ಕನ್ನಡದಲ್ಲಿ ಬೇಡವೆನ್ನುವುದಕ್ಕೆ ಮೊದಲೇ, ತಲೆಕೆಳಗಾಗಿ ಧುಮುಕಿಬಿಟ್ಟ. ಬಾವಿಯ ತಳದಿಂದ ಕಲ್ಲು ಹೆಕ್ಕಿ ತರುವ ಅಭ್ಯಾಸ ನೋಡಿ, ಆಳಕ್ಕೇ ಇಳಿದ.

ಮೇಲೇನೋ ಬಂದ. ಆದರೆ ಮಾತಿಲ್ಲ. ಬಾಯಿ ತೆರೆಯುತ್ತಾನೆ, ಉಸಿರು ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುವುದಿಲ್ಲ. ನಲವತ್ತು ವರ್ಷ ಈಜಿದ ಕೈಗಳು ನೀರನ್ನು ಸುಮ್ಮನೆ ಬಡಿಯುತ್ತಿದ್ದವು. ದೋಣಿಯವನು ಹುಟ್ಟನ್ನು ಚಾಚಿದ. ಅವನು ಅದನ್ನು ತಬ್ಬಿಕೊಂಡ. ಅಕ್ಕನ ಶಾಲು ಹೊದ್ದು, ಗಡಗಡ ನಡುಗುತ್ತ, ಬಹಳ ಹೊತ್ತಿನ ಮೇಲೆ ಆಡಿದ ಮೊದಲ ಮಾತು ಇದು: "ಭಾವ, ಕೆಳಗೆ ಬೇರೆ ನೀರಿದೆ."

ಅವನು ಹೇಳಿದ್ದು ಅಕ್ಷರಶಃ ನಿಜ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಊರಿನ ಬಚ್ಚಲುಮನೆಗೆ ಹೋದರೆ ಸಾಕು. ಹಂಡೆಗೆ ಒಲೆ ಕೆಳಗಿದೆ. ತಳದ ನೀರು ಕಾದು ಹಗುರಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಹೀಗೆ ಹಂಡೆ ತನ್ನನ್ನು ತಾನೇ ಕಲಕಿಕೊಳ್ಳುತ್ತದೆ. ಕೊಳಕ್ಕೆ ಒಲೆ ಇರುವುದು ಆಕಾಶದಲ್ಲಿ! ಮೇಲಿನ ನೀರು ಕಾದು ಹಗುರಾಗುತ್ತದೆ, ಹಗುರಾದದ್ದು ಮೇಲೆಯೇ ತೇಲುತ್ತದೆ. ಗಾಳಿ ಬೀಸಿದರೂ ಮೇಲಿನ ನಾಲ್ಕಾರು ಮೀಟರು ಮಾತ್ರ ಕಲಕೀತು. ಅದರ ಕೆಳಗೆ ನೀರು ಥಟ್ಟನೆ ತಣ್ಣಗಾಗುತ್ತದೆ. ನೈನಿ ಸರೋವರ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ಅತಿ ಆಳವಾದ ಕಡೆ ಸುಮಾರು 27 ಮೀಟರ್. ಅಲ್ಲಿ ಜೂನಿನಲ್ಲಿ ಮೇಲಿನ ನೀರಿನ ಉಷ್ಣಮಾನ 20 ಡಿಗ್ರಿ ದಾಟಿದ್ದರೂ, ತಳದ ನೀರು ಮಾಘದ ಚಳಿಯನ್ನು ಇನ್ನೂ ಬಿಟ್ಟಿರುವುದಿಲ್ಲ. ನೌಕುಚಿಯಾತಾಲ್ ಇದಕ್ಕಿಂತ ತಗ್ಗಿನಲ್ಲಿದೆ, ಆದ್ದರಿಂದ ಮೇಲೆ ಇನ್ನಷ್ಟು ಹಿತ. ಆದರೆ ನೈನಿಗಿಂತ ಆಳ. ಮೋಸವೂ ಅಷ್ಟೇ ಹೆಚ್ಚು.

ನಮ್ಮ ಭಾವಮೈದುನನಿಗೆ ಇದು ತಿಳಿಯದೇ ಹೋದದ್ದು ಅವನ ತಪ್ಪಲ್ಲ. ಅವನಿಗೆ ನೀರನ್ನು ಕಲಿಸಿದ್ದು ಬಾವಿ. ಬಾವಿಯ ನೀರು ನೆಲದೊಳಗಿನದು; ವರ್ಷದ ಸರಾಸರಿ ಶಾಖ ಎಷ್ಟೋ ಅಷ್ಟರಲ್ಲೇ ನಿಂತಿರುತ್ತದೆ, ನಮ್ಮ ಬಯಲುಸೀಮೆಯಲ್ಲಿ 25 ಡಿಗ್ರಿಯ ಆಸುಪಾಸು. ಧನುರ್ಮಾಸದ ಬೆಳಗಿನಲ್ಲಿ ಕೊಡ ಮೇಲೆ ಬಂದರೆ ಹಬೆಯಾಡುತ್ತದೆ. ಚೈತ್ರದಲ್ಲಿ ಅದೇ ನೀರು ತಂಪು. ಬದಲಾಗುವುದು ನಾವು, ನೀರಲ್ಲ. ಕೆರೆಗಳ ಮಾತೂ ಹೆಚ್ಚುಕಡಿಮೆ ಹಾಗೆಯೇ. ಬಹುಪಾಲು ಕೆರೆಗಳು ಅಗಲ ಹೆಚ್ಚು, ಆಳ ಕಡಿಮೆ. ಗಾಳಿ ಬೀಸಿದರೆ ತಳದವರೆಗೆ ಕಲಕುತ್ತವೆ. ಏರಿಯ ಕಡೆ ಆಳ, ಹಿನ್ನೀರಿನ ಕಡೆ ಮೊಣಕಾಲುದ್ದ ಎಂಬುದನ್ನು ಊರಿನ ಎಮ್ಮೆಗಳೂ ಬಲ್ಲವು. ಬೆಟ್ಟದ ಕೊಳಕ್ಕೆ ಅಂಥ ಹಿನ್ನೀರಿಲ್ಲ. ದಡದಿಂದ ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕಾಲಿಗೆ ನೆಲ ಸಿಕ್ಕದೆ ಹೋಗುವ ಜಾಗಗಳು ಅಲ್ಲಿ ಉಂಟು.

ಋತುಗಳ ವಿಷಯ. ನೀರು ಗಾಳಿಗಿಂತ ನಿಧಾನ; ಕಾಯುವುದಕ್ಕೂ ತಿಂಗಳುಗಳು ಬೇಕು, ಆರುವುದಕ್ಕೂ ಬೇಕು. ಮಾರ್ಚಿಯಲ್ಲಿ ಬಿಸಿಲು ಚುರುಕಾಗಿದ್ದರೂ ನೀರಿಗೆ ಇನ್ನೂ ಚಳಿಗಾಲವೇ. ಹೋಳಿಯ ರಜೆಗೆ ಹೋಗುವ ಹುಡುಗರು ಇದನ್ನು ಮರೆಯುತ್ತಾರೆ. ಮೇ, ಜೂನ್ ಹಿತವಾದ ಕಾಲ, ಮೇಲಿನ ಮಟ್ಟಿಗೆ. ಮಳೆ ಹಿಡಿದ ಮೇಲೆ ತೊರೆಗಳು ಕೆಸರು ತರುತ್ತವೆ, ಮುಳುಗಿದವನು ಕಣ್ಣಿಗೆ ಕಾಣುವುದಿಲ್ಲ. ಆಗ ಇಳಿಯಲೇ ಕೂಡದು. ಅಕ್ಟೋಬರಿನಲ್ಲಿ ನೀರು ಇನ್ನೂ ಬೆಚ್ಚಗಿರುವಂತೆ ತೋರುತ್ತದೆ, ಆದರೆ ಒದ್ದೆ ಮೈಯಲ್ಲಿ ಹೊರಬಂದಾಗ ಬೀಸುವ ಗಾಳಿ ಬೇರೆ. ಡಿಸೆಂಬರ್ ಹೊತ್ತಿಗೆ ಮೇಲಿನ ನೀರು ಕೆಳಗಿನಷ್ಟೇ ತಣ್ಣಗಾಗುತ್ತದೆ. ಆಗ ಮೇಲು ಕೀಳೆಂಬ ಭೇದವಿಲ್ಲದೆ ಇಡೀ ಕೊಳ ಒಮ್ಮೆ ಮಗುಚಿಕೊಳ್ಳುತ್ತದೆ.

ಈ ಮಗುಚುವಿಕೆ ನೈನಿ ಸರೋವರಕ್ಕೆ ಕಂಟಕವೇ ಆಗಿತ್ತು. ತಿಂಗಳುಗಟ್ಟಲೆ ಗಾಳಿ ಕಾಣದ ತಳದ ನೀರಿಗೆ ಊರಿನ ಹೊಲಸೂ ಸೇರಿ ಅಲ್ಲಿ ಪ್ರಾಣವಾಯುವೇ ಉಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಆ ನೀರು ಮೇಲೆದ್ದಾಗ ಮೀನುಗಳು ಸತ್ತು ತೇಲುತ್ತಿದ್ದವು. 2007ರಿಂದ ಕೊಳವೆಗಳ ಮೂಲಕ ತಳಕ್ಕೆ ಗಾಳಿ ಊದುವ ಏರ್ಪಾಡಾಯಿತು. ಊರಿನವರು ಕುಡಿಯುವುದೂ ಆ ಸರೋವರವನ್ನು ನೆಚ್ಚಿಕೊಂಡೇ. ಅಲ್ಲಿ ದೋಣಿಯ ಸುಖ ಸಾಕು; ಈಜುವ ಆಸೆಯನ್ನು ದಿಲ್ಲಿಯಲ್ಲಿಯೇ ಬಿಟ್ಟು ಹೋಗುವುದು ಮರ್ಯಾದೆ.

ತಂದೆತಾಯಿಗಳಿಗೆ ಒಂದು ಮಾತು. ಈಜು ಬಾರದ ಮಗು ದಡದಲ್ಲಿ ನಿಲ್ಲುತ್ತದೆ. ಭಯವಿರುವುದು ಈಜುಕೊಳದಲ್ಲಿ ಬಹುಮಾನ ಪಡೆದ ಮಗನ ವಿಷಯದಲ್ಲಿ. ಪಂದ್ಯದ ಈಜುಕೊಳದ ನೀರು 25ರಿಂದ 28 ಡಿಗ್ರಿ, ಮೇಲಿಂದ ಕೆಳಗೆ ಒಂದೇ ಸಮ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ, ಒಮ್ಮೆಲೇ ಅದರೊಳಗೆ ಬಿದ್ದವನ ಉಸಿರು ಅವನ ಮಾತು ಕೇಳುವುದಿಲ್ಲ. ಮೊದಲ ಒಂದೆರಡು ನಿಮಿಷ ಎದೆ ತಾನಾಗಿ ಏದುತ್ತದೆ. ಆ ಗಳಿಗೆಯಲ್ಲಿ ತಲೆ ನೀರಿನೊಳಗಿದ್ದರೆ ಮುಗಿಯಿತು. ಆದ್ದರಿಂದ ಧುಮುಕುವುದು ಬೇಡ. ಮೆಟ್ಟಿಲಿದ್ದ ಕಡೆ ಕಾಲು, ಸೊಂಟ, ಎದೆ ಎಂದು ನಿಧಾನವಾಗಿ ನೆನೆಯಲಿ. ಉಸಿರು ಹದಕ್ಕೆ ಬರುವವರೆಗೆ ನಿಂತಿರಲಿ. ಅಕಸ್ಮಾತ್ತಾಗಿ ಬಿದ್ದರೆ ಈಜಲು ಹೆಣಗದೆ ಅಂಗಾತ ತೇಲಲಿ, ಏದುಸಿರು ತಾನೇ ಇಳಿಯುತ್ತದೆ. ಬಿದ್ದವನನ್ನು ಹಿಡಿಯಲು ಇನ್ನೊಬ್ಬ ಹಾರುವುದಂತೂ ಸಲ್ಲದು. ಹುಟ್ಟು, ಹಗ್ಗ, ಏನೂ ಇಲ್ಲದಿದ್ದರೆ ಸೀರೆಯ ಸೆರಗು. ಕೈಗೆ ಸಿಕ್ಕಿದ್ದನ್ನು ದಡದಿಂದಲೇ ಚಾಚಬೇಕು.

ಭಾವಮೈದುನ ಆಮೇಲೆ 2019ರಲ್ಲಿ ಮತ್ತೊಮ್ಮೆ ಬಂದಿದ್ದ. ಅದೇ ಕೊಳ, ಅದೇ ದೋಣಿಗಟ್ಟೆ. ಹತ್ತುವವರಿಗೆಲ್ಲ ತೇಲುವ ಕವಚ ತೊಡಿಸುತ್ತಿದ್ದರು. ನಮ್ಮ ಮನೆಯವರು ತಮ್ಮನನ್ನು ತಿರುಗಿಸಿ ನಿಲ್ಲಿಸಿ ಬೆನ್ನಿನ ಪಟ್ಟಿಯನ್ನು ಬಿಗಿದರು. "ಅಪ್ಪ ಸೋರೆಬುರುಡೆ ಕಟ್ಟುವಾಗಲೂ ಹೀಗೇ ಬಿಗಿಯುತ್ತಿದ್ದರು ಅಕ್ಕ, ಸ್ವಲ್ಪ ಸಡಿಲಿಸು" ಎಂದ. ಅವರು ಸಡಿಲಿಸಲಿಲ್ಲ.