ರಾಷ್ಟ್ರಪತಿ ಆಗೋರಿಗೆ ರಾಜಕೀಯ ಗೊತ್ತಿರಬೇಕಾ?

ನಮ್ಮ ಕ್ಯಾಂಪಸ್‌ನಲ್ಲಿ ರಾಜಕೀಯದ ಮಾತು ಎಲ್ಲಿಂದಲೇ ಶುರುವಾಗಲಿ, ಬಂದು ನಿಲ್ಲೋದು ಮಾತ್ರ ಒಂದೇ ಕಡೆ. "ಕಲಾಂ ತರಹದವರು ಬೇಕು ಗುರು, ಈ ರಾಜಕಾರಣಿಗಳ ಸಹವಾಸವೇ ಬೇಡ." ಕ್ಯಾಂಟೀನ್‌ನಲ್ಲಿ ಇದಕ್ಕೆ ಎದುರು ಹೇಳೋರು ಕಡಿಮೆ. ಹೇಳೋದು ಸುಲಭವೂ ಅಲ್ಲ. ಕಲಾಂ ನಮ್ಮ ಪೈಕಿ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಏರೋನಾಟಿಕಲ್ ಓದಿ, ರಾಕೆಟ್ಟು ಕ್ಷಿಪಣಿಗಳ ಕೆಲಸ ಮಾಡಿ, ಜೀವನದಲ್ಲಿ ಒಂದು ಚುನಾವಣೆಯ ಪ್ರಚಾರಕ್ಕೂ ಹೋಗದೆ 2002ರಲ್ಲಿ ಸೀದಾ ರಾಷ್ಟ್ರಪತಿ ಭವನಕ್ಕೆ ಹೋದವರು. ಅವರ ಪ್ರಾಮಾಣಿಕತೆಯ ಬಗ್ಗೆ ವಿರೋಧಿಗಳೂ ಚಕಾರ ಎತ್ತಲಿಲ್ಲ. 2027ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಇದೆ. ಹೆಸರುಗಳು ತೇಲಿ ಬರೋಕೆ ಮುಂಚೆ, ಈ "ರಾಜಕೀಯ ಗೊತ್ತಿಲ್ಲದ ಒಳ್ಳೆಯವರು ಸಾಕು" ಅನ್ನೋ ವಾದವನ್ನ ಸ್ವಲ್ಪ ಕೆದಕಿ ನೋಡೋಣ.

ಸಂವಿಧಾನವನ್ನ ಕೇಳಿದರೆ ಅದು ಜಾಸ್ತಿ ಏನೂ ಹೇಳಲ್ಲ. 58ನೇ ವಿಧಿಯ ಪ್ರಕಾರ ಭಾರತದ ಪ್ರಜೆ ಆಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲೋ ಅರ್ಹತೆ ಇರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಅಷ್ಟೇ. ನಮ್ಮ ಏಳನೇ ಸೆಮ್‌ನ ಪ್ಲೇಸ್‌ಮೆಂಟ್ ಕಟ್‌ಆಫ್ ಇದಕ್ಕಿಂತ ಬಿಗಿ. ಅನುಭವ ಬೇಕೋ ಬೇಡವೋ ಅನ್ನೋದನ್ನ ಆರಿಸೋರ ವಿವೇಕಕ್ಕೇ ಬಿಟ್ಟಿದ್ದಾರೆ.

"ಅಯ್ಯೋ, ಅದು ರಬ್ಬರ್ ಸ್ಟಾಂಪ್ ಹುದ್ದೆ, ಯಾರು ಕೂತರೇನು?" ಅಂತ ಕೇಳೋರೂ ಇದ್ದಾರೆ. ಅರ್ಧ ನಿಜ. ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಬೇಕು ಅಂತ 74ನೇ ವಿಧಿ ಹೇಳುತ್ತೆ. ಆದರೆ 1978ರ 44ನೇ ತಿದ್ದುಪಡಿ ಅದರಲ್ಲೇ ಒಂದು ಕಿಂಡಿ ಬಿಟ್ಟಿದೆ: "ಇದನ್ನ ಇನ್ನೊಮ್ಮೆ ಯೋಚನೆ ಮಾಡಿ" ಅಂತ ಫೈಲನ್ನ ವಾಪಸ್ ಕಳಿಸಬಹುದು. ಒಂದೇ ಒಂದು ಸಲ. ಅದೇ ಫೈಲು ಮತ್ತೆ ಬಂದರೆ ಸಹಿ ಹಾಕಲೇಬೇಕು. ಆದರೂ ವಾಪಸ್ ಹೋದ ಫೈಲು ಮಾರನೇ ದಿನ ಪೇಪರಿನ ಮುಖಪುಟಕ್ಕೆ ಬರುತ್ತೆ, ಮಂತ್ರಿಗಳು ಎಲ್ಲರ ಎದುರು ಕಾರಣ ಹೇಳಬೇಕಾಗುತ್ತೆ. ಎಷ್ಟೋ ಸಲ ಅಷ್ಟರಲ್ಲೇ ಫೈಲು ತಣ್ಣಗಾಗುತ್ತೆ. ಹಾಗಾಗಿ ರಾಷ್ಟ್ರಪತಿಯನ್ನ ಆರಿಸೋದು ಅಂದರೆ, ಐದು ವರ್ಷದಲ್ಲಿ ಎರಡೋ ಮೂರೋ ಸಲ ಬರೋ ಅಂಥ ರಾತ್ರಿಗೆ ಒಬ್ಬ ಮನುಷ್ಯನನ್ನ ಆರಿಸಿಡೋದು.

ಅನುಭವವೇ ಸಾಕು ಅನ್ನೋರಿಗೆ ಮೊದಲು 1975ರ ಜೂನ್ 25ರ ರಾತ್ರಿ ತೋರಿಸಬೇಕು. ಆಗಿನ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್. ಅನುಭವಕ್ಕೆ ಏನು ಕಮ್ಮಿ ಇತ್ತು? 1938ರಲ್ಲೇ ಅಸ್ಸಾಮಿನಲ್ಲಿ ಮಂತ್ರಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು, ಆಮೇಲೆ ಕೇಂದ್ರದಲ್ಲಿ ವರ್ಷಗಟ್ಟಲೆ ಮಂತ್ರಿ. ದುಡ್ಡು ತಿಂದವರು ಅಂತ ಅವರನ್ನ ಯಾರೂ ನೆನಪಿಟ್ಟುಕೊಂಡಿಲ್ಲ. ತುರ್ತು ಪರಿಸ್ಥಿತಿಯ ಘೋಷಣೆ ಅವರ ಮುಂದೆ ಬಂದಾಗ ಮಂತ್ರಿಮಂಡಲ ಇನ್ನೂ ಸೇರಿಯೇ ಇರಲಿಲ್ಲ, ಅದು ಸೇರಿದ್ದು ಮಾರನೇ ದಿನ ಬೆಳಗಿನ ಜಾವ. "ಮಂತ್ರಿಮಂಡಲದ ತೀರ್ಮಾನ ಎಲ್ಲಿದೆ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ, ಸಹಿ ಬಿತ್ತು. ಬೆಳಗಾಗೋ ಹೊತ್ತಿಗೆ ದೇಶದ ತುಂಬ ಬಂಧನಗಳು. ಸಂಸದೀಯ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಜೈಲು ಸೇರಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಬು ಅಬ್ರಹಾಂ ಬರೆದ ಕಾರ್ಟೂನ್ ನೆಟ್‌ನಲ್ಲಿ ಸಿಗುತ್ತೆ, ಹುಡುಕಿ ನೋಡಿ. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸಹಿ ಹಾಕಿ, ಬಾಗಿಲ ಸಂದಿಯಿಂದ ಕಾಗದ ದಾಟಿಸ್ತಿದ್ದಾರೆ. ಇವತ್ತು ಅವರ ನಲವತ್ತು ವರ್ಷದ ಸಾರ್ವಜನಿಕ ಜೀವನಕ್ಕಿಂತ ಆ ತೊಟ್ಟಿಯೇ ಜನಕ್ಕೆ ಜಾಸ್ತಿ ನೆನಪು.

ನಮ್ಮ ರಾಜ್ಯಕ್ಕೆ ಬಿದ್ದ ಏಟು ಇನ್ನೊಂದು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅಂತ ರಾಜ್ಯಪಾಲರ ಕೈಗೆ ಪತ್ರಗಳು ಬಂದವು. ಅವರಲ್ಲಿ ಏಳು ಜನ ನಾವು ಸರ್ಕಾರದ ಜೊತೆಗೇ ಇದ್ದೀವಿ ಅಂತ ತಿರುಗಿ ಹೇಳಿದರು. "ಸದನದಲ್ಲೇ ಬಹುಮತ ತೋರಿಸ್ತೀನಿ, ಅವಕಾಶ ಕೊಡಿ" ಅಂದರು ಬೊಮ್ಮಾಯಿ. ಕೊಡಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ. ಸಹಿ ಹಾಕಿದ ಆರ್. ವೆಂಕಟರಾಮನ್ ವಕೀಲರು, ಹಣಕಾಸು ಮತ್ತು ರಕ್ಷಣಾ ಖಾತೆ ನೋಡಿಕೊಂಡವರು. ರಾಷ್ಟ್ರಪತಿ ಹುದ್ದೆಯನ್ನ ಎಮರ್ಜೆನ್ಸಿ ಲೈಟಿಗೆ ಹೋಲಿಸಿದವರು. ಆ ದಿನ ಕರೆಂಟ್ ಹೋಗಿತ್ತು, ಲೈಟ್ ಹತ್ತಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಲೆಕ್ಕ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ ಹೇಳಿತು. ಬೊಮ್ಮಾಯಿ ಸರ್ಕಾರವನ್ನ ಕಿತ್ತು ಹಾಕಿದ್ದು ಸಂವಿಧಾನಬಾಹಿರ ಅಂತಲೂ ಹೇಳಿತು. ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು. ಹೋದ ಸರ್ಕಾರ ಹೋಗೇ ಬಿಟ್ಟಿತ್ತು.

ಈ ತೀರ್ಪನ್ನ ಮೇಜಿನ ಮೇಲೆ ಇಟ್ಟುಕೊಂಡು ಕೂತವರ ಹಾಗೆ ನಡೆದುಕೊಂಡವರು ಕೆ.ಆರ್. ನಾರಾಯಣನ್. ರಾಯಭಾರಿಯಾಗಿ ನಿವೃತ್ತರಾಗಿ ಆಮೇಲೆ ಒಟ್ಟಪಾಲಂನಿಂದ ಮೂರು ಸಲ ಲೋಕಸಭೆಗೆ ಗೆದ್ದವರು, ಮಂತ್ರಿಯಾದವರು, ಉಪರಾಷ್ಟ್ರಪತಿಯಾದವರು. 1997ರಲ್ಲಿ ಅವರ ಎದುರು ನಿಂತಿದ್ದು ಯಾರು ಗೊತ್ತಾ? ಟಿ.ಎನ್. ಶೇಷನ್. ಎಲ್ಲಾ ಪಕ್ಷಗಳನ್ನೂ ನಡುಗಿಸಿದ ಚುನಾವಣಾ ಆಯುಕ್ತ. ನನ್ನ ಕೈಲಿ ವೋಟಿದ್ದಿದ್ದರೆ ಆವತ್ತು ಶೇಷನ್‌ಗೇ ಹಾಕ್ತಿದ್ದೆನೇನೋ. ಹಾಕಿದವರು ತುಂಬಾ ಕಮ್ಮಿ, ನಾರಾಯಣನ್ ಭಾರೀ ಅಂತರದಲ್ಲಿ ಗೆದ್ದರು.

ಗೆದ್ದು ಮೂರು ತಿಂಗಳು ಆಗಿತ್ತು. ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ವಿಧಾನಸಭೆಯಲ್ಲಿ ಮೈಕುಗಳು ಹಾರಾಡಿದವು, ಆ ಗಲಾಟೆಯಲ್ಲೇ ಕಲ್ಯಾಣ್ ಸಿಂಗ್ ವಿಶ್ವಾಸಮತ ಗೆದ್ದರು. ಆ ಸರ್ಕಾರವನ್ನ ವಜಾ ಮಾಡಿ ಅಂತ ಗುಜ್ರಾಲ್ ಮಂತ್ರಿಮಂಡಲದ ಸಲಹೆ ಬಂತು. ನಾರಾಯಣನ್‌ಗೆ ಬೆಂಬಲ ಕೊಟ್ಟು ಗೆಲ್ಲಿಸಿದ ಪಕ್ಷಗಳದ್ದೇ ಮಂತ್ರಿಮಂಡಲ ಅದು. ಅವರು ಫೈಲನ್ನ ಹಿಂದಕ್ಕೆ ಕಳಿಸಿದರು, ಮಂತ್ರಿಮಂಡಲ ಸುಮ್ಮನಾಯಿತು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಪಕ್ಷ ಉಲ್ಟಾ: ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನ ವಜಾ ಮಾಡಬೇಕು ಅಂತು. ಅದೂ ವಾಪಸ್. 1999ರ ಫೆಬ್ರವರಿಯಲ್ಲಿ ಬಿಹಾರದ ಹತ್ಯಾಕಾಂಡಗಳಾದ ಮೇಲೆ ಮತ್ತೆ ಸಲಹೆ ಬಂದಾಗ ಸಹಿ ಹಾಕಿದರು. ಆದರೆ ರಾಜ್ಯಸಭೆಯಲ್ಲಿ ಬಹುಮತ ಸಿಗಲ್ಲ ಅಂತ ಗೊತ್ತಾಗಿ ಸರ್ಕಾರವೇ ಮಾರ್ಚ್‌ನಲ್ಲಿ ಅದನ್ನ ಹಿಂತೆಗೆದುಕೊಂಡಿತು. ನನ್ನ ಪ್ರಕಾರ ಆ ಎರಡು ವಾಪಸ್ ಫೈಲುಗಳು ಭಾರತದ ರಾಷ್ಟ್ರಪತಿಯೊಬ್ಬರು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಒಂದನ್ನ ಮಾತ್ರ ಕಳಿಸಿದ್ದರೆ ಪಕ್ಷಪಾತ ಅನ್ನಬಹುದಿತ್ತು. ಎರಡೂ ಕಡೆಗೆ ಒಂದೇ ತಕ್ಕಡಿ ಹಿಡಿದರು.

ಈಗ ಕಲಾಂ ವಿಷಯಕ್ಕೆ ಬರ್ತೀನಿ. ಮತ್ತೆ ಬಿಹಾರವೇ. 2005ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಹೊಸ ವಿಧಾನಸಭೆ ಒಂದು ದಿನವೂ ಸೇರಲಿಲ್ಲ. ಕುದುರೆ ವ್ಯಾಪಾರ ನಡೀತಿದೆ ಅಂತ ರಾಜ್ಯಪಾಲ ಬೂಟಾ ಸಿಂಗ್ ವರದಿ ಕಳಿಸಿದರು. ಮೇ 22ರ ತಡರಾತ್ರಿ ದೆಹಲಿಯಲ್ಲಿ ಮಂತ್ರಿಮಂಡಲ ಸೇರಿತು. ಕಲಾಂ ಮಾಸ್ಕೋದಲ್ಲಿದ್ದರು. ಫ್ಯಾಕ್ಸ್ ಹೋಯಿತು, ಸಹಿ ಆಗಿ ಬಂತು, ಮೇ 23ಕ್ಕೆ ವಿಧಾನಸಭೆ ವಿಸರ್ಜನೆ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಸಂವಿಧಾನಬಾಹಿರ ಅಂತು. ಆಗ ರಾಜೀನಾಮೆ ಕೊಡೋಕೆ ಹೊರಟಿದ್ದೆ ಅಂತ ಕಲಾಂ ಅವರೇ ಆಮೇಲೆ ತಮ್ಮ "ಟರ್ನಿಂಗ್ ಪಾಯಿಂಟ್ಸ್" ಪುಸ್ತಕದಲ್ಲಿ ಬರೆದರು. ತಪ್ಪು ಅಷ್ಟು ಚುಚ್ಚಿತ್ತು ಅಂದರೆ ಅವರ ಪ್ರಾಮಾಣಿಕತೆ ಅಪ್ಪಟ. ಆದರೆ ಮಧ್ಯರಾತ್ರಿ ಬಂದ ಫ್ಯಾಕ್ಸ್‌ಗೆ "ಬೆಳಿಗ್ಗೆ ತನಕ ಏನು ಮುಳುಗಿ ಹೋಗುತ್ತೆ?" ಅಂತ ಕೇಳೋ ಗಟ್ಟಿತನ ಬರೀ ಒಳ್ಳೆತನದಿಂದ ಬರಲ್ಲ. ಒಂದೇ ವರ್ಷದಲ್ಲಿ ಅವರು ಅದನ್ನ ಕಲಿತರು ಅನ್ನೋದೂ ನಿಜ: 2006ರ ಮೇ ತಿಂಗಳಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನ ಸಂಸತ್ತಿಗೆ ವಾಪಸ್ ಕಳಿಸಿದರು. ಸಂಸತ್ತು ಹಠ ಹಿಡಿದು ಹಾಗೇ ಮತ್ತೆ ಪಾಸ್ ಮಾಡಿತು ಬಿಡಿ. ಕಲಿಕೆಗೆ ಫೀಸು ಕಟ್ಟಿದ್ದು ಮಾತ್ರ ಬಿಹಾರದ ಮತದಾರರು.

ಹಾಗಾದರೆ ಅನುಭವ ದೊಡ್ಡದಾ, ಪ್ರಾಮಾಣಿಕತೆ ದೊಡ್ಡದಾ? ಇವೆರಡನ್ನ ಬೇರೆ ಬೇರೆ ತೂಗೋದೇ ನನಗೆ ಸರಿ ಕಾಣಲ್ಲ. ಈ ಹುದ್ದೆಯಲ್ಲಿ ಟೆಂಡರ್ ಇಲ್ಲ, ಗುತ್ತಿಗೆ ಇಲ್ಲ. ಲಂಚ ಮುಟ್ಟಲ್ಲ ಅನ್ನೋದು ಇಲ್ಲಿ ಪಾಸ್ ಮಾರ್ಕ್ಸ್ ಅಷ್ಟೇ. ಇಲ್ಲಿ ಬೇಕಾದ ಪ್ರಾಮಾಣಿಕತೆ ಅಂದರೆ ತನ್ನನ್ನ ಆ ಕುರ್ಚಿಯಲ್ಲಿ ಕೂರಿಸಿದವರ ಹಂಗು ಇಟ್ಟುಕೊಳ್ಳದೆ ಇರೋದು. ಅದು ಒಬ್ಬರಲ್ಲಿ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಅವರು ಹಿಂದೆ ಅಧಿಕಾರದ ಹತ್ತಿರ ಇದ್ದಿರಬೇಕು, ಹಂಗಿಗೂ ನಿಯಮಕ್ಕೂ ಜಗಳ ಬಿದ್ದಿರಬೇಕು, ಆಗ ಅವರು ಯಾವ ಕಡೆ ನಿಂತರು ಅಂತ ನಾವು ನೋಡಿರಬೇಕು. ಡೇಟಾಶೀಟ್ ಎಷ್ಟೇ ಚೆನ್ನಾಗಿರಲಿ, ಲೋಡ್ ಹಾಕಿ ಟೆಸ್ಟ್ ಮಾಡದ ಪಾರ್ಟನ್ನ ನಾವು ಪ್ರಾಜೆಕ್ಟಿಗೇ ಹಾಕಲ್ಲ. ನೀಲಂ ಸಂಜೀವ ರೆಡ್ಡಿ 1964ರಲ್ಲಿ ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ, ಬಸ್ ಮಾರ್ಗಗಳ ರಾಷ್ಟ್ರೀಕರಣದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಅಂಥದ್ದು ಟೆಸ್ಟ್ ರಿಪೋರ್ಟು. ಈ ಲೆಕ್ಕದಲ್ಲಿ ಶೇಷನ್ ಹತ್ತಿರವೂ ರಿಪೋರ್ಟ್ ಇತ್ತು, ಪಕ್ಷ ರಾಜಕೀಯದ್ದೇ ಆಗಬೇಕು ಅಂತೇನಿಲ್ಲ.

ಈ ಟೆಸ್ಟೂ ಕೈಕೊಡುತ್ತೆ. ಇಂದಿರಾ ಗಾಂಧಿಯವರ ಪರಮ ನಿಷ್ಠ ಅಂತ ಹೆಸರಾಗಿದ್ದ ಜೈಲ್ ಸಿಂಗ್, ಜನರ ಪತ್ರಗಳನ್ನ ಸರ್ಕಾರ ಒಡೆದು ನೋಡೋಕೆ ಅವಕಾಶ ಕೊಡೋ ಅಂಚೆ ಮಸೂದೆ ಬಂದಾಗ ಸಹಿಯನ್ನೂ ಹಾಕದೆ, ವಾಪಸ್ಸೂ ಕಳಿಸದೆ ಹಾಗೇ ಇಟ್ಟುಕೊಂಡುಬಿಟ್ಟರು. ರಾಜೀವ್ ಗಾಂಧಿ ಮೇಲೆ ಮುನಿಸಿತ್ತು ಅಂತಾರೆ. ಇರಲಿ, ಆ ಮಸೂದೆ ಕಾನೂನಾಗಲೇ ಇಲ್ಲ. ಪಾಪ, ಹಾಗಂತ ಅವರ ಹಳೆಯ ದಾಖಲೆ ನೋಡಿ ಯಾರು ತಾನೇ ಊಹಿಸ್ತಿದ್ದರು?

"ನಮಗೇನು, ನಮಗೆ ವೋಟಿಲ್ಲವಲ್ಲ" ಅಂತೀರಾ. ನಮಗಿಲ್ಲ, ನಮ್ಮ ಶಾಸಕರಿಗಿದೆ. ಕರ್ನಾಟಕದ ಒಬ್ಬ ಶಾಸಕರ ವೋಟಿನ ಮೌಲ್ಯ 131. 1971ರ ಜನಗಣತಿಯ 2.93 ಕೋಟಿಯನ್ನ 224ರಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿ, ಬೇಕಾದರೆ ಕ್ಯಾಲ್ಕುಲೇಟರ್ ತೆಗೀರಿ. ಈ ಚುನಾವಣೆಯಲ್ಲಿ ವೋಟು ಗುಟ್ಟಾಗಿರುತ್ತೆ, ಪಕ್ಷಗಳು ವಿಪ್ ಕೊಡೋ ಹಾಗಿಲ್ಲ. ಕಾನೂನಿನ ಮಟ್ಟಿಗೆ ಅವತ್ತು ಶಾಸಕರು ಯಾರ ಹಂಗಿನಲ್ಲೂ ಇಲ್ಲ. ಮುಂದಿನ ಸಲ ನಿಮ್ಮ ಕ್ಷೇತ್ರದ ಶಾಸಕರು ಯಾವುದಾದರೂ ಕಾಲೇಜ್ ಫೆಸ್ಟಿಗೆ ಗೆಸ್ಟಾಗಿ ಬಂದರೆ, ಸೆಲ್ಫಿ ಆದಮೇಲೆ ಒಂದು ಮಾತು ಕೇಳಿ: "ಸಾರ್, ನೀವು ವೋಟ್ ಹಾಕೋ ಕ್ಯಾಂಡಿಡೇಟು ತಮ್ಮ ಪಕ್ಷಕ್ಕೆ 'ಆಗಲ್ಲ' ಅಂದಿದ್ದು ಯಾವಾಗ?"