ಲಾಂಗ್ ಜಂಪ್ ಫೌಲ್: ಕಣ್ಣಂದಾಜು ಸಾಕಾ, ಕ್ಯಾಮೆರಾ ಬೇಕಾ?

ಶಾಲಾ ಕ್ರೀಡಾಕೂಟ ಬಂತು ಅಂದ್ರೆ ಲಾಂಗ್ ಜಂಪ್ ಗುಂಡಿ ಹತ್ತಿರ ಒಂದು ಜಗಳ ಗ್ಯಾರಂಟಿ. ‘ಕಾಲು ಗೆರೆ ದಾಟಿತು’ ಅಂತ ತೀರ್ಪುಗಾರರು, ‘ಇಲ್ಲ ಸಾರ್, ದಾಟಿಲ್ಲ’ ಅಂತ ಮಕ್ಕಳು. ಅಷ್ಟರಲ್ಲಿ ಸುಣ್ಣದ ಗೆರೆಯೇ ಅಳಿಸಿರುತ್ತೆ. ತಾಲೂಕಿನಿಂದ ಜಿಲ್ಲೆಗೆ ಹೋಗುವ ಅವಕಾಶ ಅಲ್ಲಿಗೇ ಮುಗೀತು.

ದೊಡ್ಡ ಕೂಟಗಳಲ್ಲೂ ಈ ತಲೆನೋವು ಇದೆ. ಟೇಕಾಫ್ ಹಲಗೆಯ ಅಗಲ 20 ಸೆಂ.ಮೀ. ಅದರ ಮುಂದೆ 10 ಸೆಂ.ಮೀ. ಅಗಲದ ಪ್ಲಾಸ್ಟಿಸಿನ್ ಪಟ್ಟಿ. ಅದರ ಮೇಲೆ ಶೂ ಗುರುತು ಬಿದ್ದರೆ ಫೌಲ್ ಎಂಬುದು ದಶಕಗಳ ಲೆಕ್ಕ. ಶೂ ತುದಿ ಗಾಳಿಯಲ್ಲೇ ಗೆರೆ ದಾಟಿ, ಗುರುತು ಬೀಳದಿದ್ದರೆ ಪಾಸ್! 2021ರ ನವೆಂಬರ್‌ನಿಂದ ನಿಯಮ ಬದಲಾಯಿತು. ಕಾಲು ನೆಲ ಬಿಡುವ ಮೊದಲು ಶೂವಿನ ಯಾವುದೇ ಭಾಗ ಗೆರೆಯ ನೇರ ದಾಟಿದರೂ ಫೌಲ್. ಇದನ್ನು ಹಿಡಿಯಲು ಪ್ಲಾಸ್ಟಿಸಿನ್ ಒಂದೇ ಸಾಲದು. ಹಾಗಾಗಿ ಗೆರೆಯ ನೇರಕ್ಕೇ ಕ್ಯಾಮೆರಾ ಬಂತು.

ಇಲ್ಲಿ ಒಂದೊಂದು ಸೆಂಟಿಮೀಟರೂ ಮುಖ್ಯ. ಬೆಂಗಳೂರಿನಲ್ಲಿ ತರಬೇತಿ ಪಡೆದ ಶೈಲಿ ಸಿಂಗ್‌ಗೆ 2021ರ ನೈರೋಬಿ ಜೂನಿಯರ್ ವಿಶ್ವಕೂಟದಲ್ಲಿ ಚಿನ್ನ ತಪ್ಪಿದ್ದು ಬರೀ 1 ಸೆಂ.ಮೀ. ಅಂತರದಲ್ಲಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿ 2023ರಲ್ಲಿ ಜೆಸ್ವಿನ್ ಆಲ್ಡ್ರಿನ್ 8.42 ಮೀ. ಹಾರಿ ರಾಷ್ಟ್ರೀಯ ದಾಖಲೆ ಮಾಡಿದಾಗ ಹಳೆಯ ದಾಖಲೆಗಿಂತ ಹೆಚ್ಚಿದ್ದದ್ದೂ ಕೆಲವೇ ಸೆಂಟಿಮೀಟರ್.

2023ರ ಬುಡಾಪೆಸ್ಟ್ ವಿಶ್ವಕೂಟದಲ್ಲಿ ಸುಮಾರು ಮೂರರಲ್ಲೊಂದು ಜಿಗಿತ ಫೌಲ್ ಆಗಿತ್ತು. ಹಲಗೆ ಬದಲು ಅಗಲವಾದ ವಲಯ ಇಟ್ಟು, ಕಾಲು ಎತ್ತಿದ ಜಾಗದಿಂದಲೇ ಅಳೆಯೋಣ ಎಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2024ರಲ್ಲಿ ಮುಂದಾಯಿತು. ನಿಖರ ಹೆಜ್ಜೆಯೇ ಈ ಆಟದ ಕಲೆ ಎಂದು ಕಾರ್ಲ್ ಲೂಯಿಸ್‌ರಂಥ ದಿಗ್ಗಜರು ವಿರೋಧಿಸಿದರು.

ತಾಲೂಕು ಮೈದಾನಕ್ಕೆ ಅಷ್ಟೆಲ್ಲ ಬೇಡ. ಪಳಗಿದ ಜಿಗಿತಗಾರನ ಕಾಲು ಹಲಗೆ ಮೇಲಿರುವುದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ. ಮೊಬೈಲ್‌ನ ಮಾಮೂಲಿ ವಿಡಿಯೊದಲ್ಲಿ ಅಷ್ಟರೊಳಗೆ ಮೂರ್ನಾಲ್ಕು ಚಿತ್ರ ಸಿಕ್ಕರೆ, ಸ್ಲೋ ಮೋಷನ್‌ನಲ್ಲಿ ಹದಿನೈದರಷ್ಟು ಸಿಗುತ್ತವೆ. ಆದರೆ ಫೋನ್ ಗೆರೆಯ ನೇರಕ್ಕೆ, ನೆಲಮಟ್ಟದಲ್ಲಿ, ಅಲುಗಾಡದಂತೆ ಇರಬೇಕು. ಓರೆಯಾಗಿಟ್ಟರೆ ಸರಿಯಾದ ಜಿಗಿತವೂ ಫೌಲ್ ಥರ ಕಾಣುತ್ತೆ. ವಿಡಿಯೊ ನೋಡಿಯೇ ತೀರ್ಪು ಅಂತ ಸ್ಪರ್ಧೆಗೆ ಮೊದಲೇ ಎಲ್ಲರಿಗೂ ಹೇಳಿರಬೇಕು.

ಪ್ರತಿ ವರ್ಷ ಟ್ರೋಫಿ ಕೊಡಿಸುವ ಅಂಗಡಿಯವರು ಈ ಸಲ ಜೊತೆಗೊಂದು ಸಣ್ಣ ಟ್ರೈಪಾಡ್ ಕೊಡಿಸಿದರೂ ಸಾಕು. ಸೋತ ಮಗು ‘ಮೋಸ ಆಯ್ತು’ ಅಂತ ಅಳುತ್ತಾ ಮನೆಗೆ ಹೋಗುವುದಾದರೂ ತಪ್ಪುತ್ತೆ.