ಹಾಡಬೇಕಾದವರು ಯಾರು?

ಚರ್ಚಿನ ಆರಾಧನೆ ಕೆಟ್ಟುಹೋಯಿತು ಎನ್ನುವ ಹಿರಿಯರು, ಈಗಷ್ಟೇ ಅದಕ್ಕೆ ಜೀವ ಬಂತು ಎನ್ನುವ ಯುವಕರು ಎಲ್ಲ ಊರಲ್ಲೂ ಇದ್ದಾರೆ. ಹಳೆಯದು ಮೇಲೋ ಹೊಸದು ಮೇಲೋ ಎಂಬ ಈ ಚರ್ಚೆಯಿಂದ ಏನೂ ಬಗೆಹರಿಯದು. ಬೆಂಚಿನಲ್ಲಿ ಕುಳಿತವರಿಗೆ ಆರಾಧನೆಯಲ್ಲಿ ಎಷ್ಟು ಪಾಲಿದೆ ಎಂದು ಕೇಳಿದರೆ ಮಾತ್ರ ಆದ ಬದಲಾವಣೆಯ ಬೆಲೆ ತಿಳಿಯುತ್ತದೆ.

1960ರ ದಶಕದ ನಡುವಿನವರೆಗೂ ಕಥೋಲಿಕರ ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಗುರುಗಳು ಜನರಿಗೆ ಬೆನ್ನುಮಾಡಿ ಪ್ರಾರ್ಥನೆ ಹೇಳುತ್ತಿದ್ದರು. ಅದಕ್ಕೆ ಉತ್ತರ ಕೊಡುವುದು ಪೀಠದ ಬಳಿ ಮಂಡಿಯೂರಿದ ಹುಡುಗರ ಕೆಲಸ. ಜನ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದು, ಗಂಟೆ ಬಾರಿಸಿದಾಗ ತಲೆಯೆತ್ತಿ ನೋಡುತ್ತಿದ್ದರು. ಪ್ರಬೋಧನೆ ಮಾತ್ರ ಊರ ಭಾಷೆಯಲ್ಲಿರುತ್ತಿತ್ತು. ಭಕ್ತಿಗೆ ಕೊರತೆಯಿರಲಿಲ್ಲ, ಪಾಲಿರಲಿಲ್ಲ ಅಷ್ಟೆ.

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ದಾಖಲೆ ಇದನ್ನು ಬದಲಿಸಿತು. ಪೂಜೆ ಜನರ ಭಾಷೆಗೆ ಬಂತು, ಗುರುಗಳು ಜನರತ್ತ ತಿರುಗಿದರು, ಭಾನುವಾರದ ಪ್ರಬೋಧನೆ ಅಂದಿನ ಬೈಬಲ್ ವಾಚನವನ್ನು ಆಧರಿಸಬೇಕಾಯಿತು. ಬೆಂಗಳೂರಿನಲ್ಲಿ ಪೂಜೆ ಕನ್ನಡದಲ್ಲಿರಬೇಕೋ ತಮಿಳಿನಲ್ಲೋ ಎಂದು ದಶಕಗಟ್ಟಲೆ ಜಗಳವಾಯಿತು. ಆ ಜಗಳ ಹಿತವಾದದ್ದೇನಲ್ಲ. ಆದರೆ ಲ್ಯಾಟಿನ್‌ ಕಾಲದಲ್ಲಿ ಯಾರೂ ಹೀಗೆ ಬಡಿದಾಡಲಿಲ್ಲ. ಪಾಲು ಸಿಕ್ಕ ಮೇಲೆ ತಾನೇ ಪಾಲಿನ ಜಗಳ!

ಪ್ರೊಟೆಸ್ಟೆಂಟರ ಕತೆ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲಿನಿಂದಲೂ ಜನರ ನುಡಿಯನ್ನೇ ನೆಚ್ಚಿದರು. ರಾಗ ಮಾತ್ರ ಜರ್ಮನಿಯದಾಗಿಯೇ ಉಳಿಯಿತು. ಆ ಧಾಟಿಗೆ ಕೂರಿಸುವಾಗ ಕನ್ನಡದ ಹ್ರಸ್ವಗಳನ್ನು ಎಳೆದು ದೀರ್ಘ ಮಾಡಬೇಕಾಗುತ್ತದೆ. ಅದೇ ಮಿಷನ್ನಿನ, ಕನ್ನಡ ನಿಘಂಟು ರಚಿಸಿದ ಕಿಟೆಲ್ಲರಿಗೆ ಇದು ಹೊಳೆದಿತ್ತು. 1862ರಲ್ಲೇ ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಆದರೂ ಹಳೆಯ ಸಭೆಗಳಲ್ಲಿ ಇಂದಿಗೂ ಗಟ್ಟಿಯಾಗಿ ಕೇಳುವುದು ಆ ಜರ್ಮನ್ ಧಾಟಿಗಳೇ. ನಾಲ್ಕು ತಲೆಮಾರು ಹಾಡಿದ ಮೇಲೆ ಅವು ಪರಕೀಯವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮೇಲಿನಿಂದ ಇಳಿಸಿದ ‘ದೇಶೀಯತೆ’ಗೆ ಈ ಭಾಗ್ಯ ಸಿಗಲಿಲ್ಲ. 1969ರಲ್ಲಿ ಭಾರತದ ಪೂಜೆಗಾಗಿ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆಯಿತ್ತಿತು: ಆರತಿ, ಅಂಜಲಿ, ನೆಲದ ಮೇಲೆ ಕೂರುವುದು, ಧೂಪ ಇತ್ಯಾದಿ. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಎಂಬ ಕಥೋಲಿಕರ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ವಿಧಿಯ ರಾಷ್ಟ್ರೀಯ ಕೇಂದ್ರದಲ್ಲಿ ಗುರು ಅಮಲೋರ್‌ಪವದಾಸ್ ಇದಕ್ಕಾಗಿ ಶ್ರದ್ಧೆಯಿಂದ ದುಡಿದರು. ಇದು ಹಿಂದೂಕರಣವೆಂದು ಕೆಲವರು ಸಿಡಿದರೆ, ಈ ಸಂಕೇತಗಳು ಮೇಲ್ಜಾತಿಯವು, ನಮ್ಮವಲ್ಲ ಎಂದು ದಲಿತ ಕ್ರೈಸ್ತರು ಹೇಳಿದರು. ಎರಡನೆಯ ಆಕ್ಷೇಪಕ್ಕೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಗೀತೆಪುಸ್ತಕದ ಜಾಗದಲ್ಲಿ ಪರದೆ ಬಂದಿದೆ. ಲ್ಯಾಪ್‌ಟಾಪ್ ಹಿಡಿದ ಹುಡುಗ ಮುಂದಿನ ಸ್ಲೈಡ್ ಹಾಕುವುದು ಚೂರು ತಡವಾದರೂ ಇಡೀ ಸಭೆ ಚರಣದ ನಡುವೆ ತಡವರಿಸುತ್ತದೆ, ಬಾಯಿಪಾಠವೆಂಬುದೇ ಹೋಯಿತಲ್ಲ. ವೇದಿಕೆಯ ಮೇಲೆ ಕೀಬೋರ್ಡ್, ಡ್ರಮ್ಸ್, ನಾಲ್ಕು ಮೈಕು. ಹಾಡುವ ಯುವಕರ ಉತ್ಸಾಹವನ್ನು ಅನುಮಾನಿಸಲಾರೆ. ಆದರೆ ಆ ಸ್ಪೀಕರಿನ ಅಬ್ಬರದಲ್ಲಿ ಪಕ್ಕದವರ ದನಿಯಿರಲಿ, ನಮ್ಮ ದನಿಯೇ ನಮಗೆ ಕೇಳಿಸದು. ಜನ ಕೈತಟ್ಟುತ್ತಾರೆ, ಹಾಡುವುದಿಲ್ಲ. ಲ್ಯಾಟಿನ್‌ ಕಾಲದಂತೆ ಮತ್ತೆ ನೋಡುಗರಾಗಿದ್ದಾರೆ, ಕೈಯಲ್ಲಿ ಜಪಸರವೂ ಇಲ್ಲದೆ.

ಪ್ರಸಂಗ, ಪ್ರಬೋಧನೆಗಳದ್ದೂ ಇದೇ ಪಾಡು. ಪಾಪ, ನರಕಗಳ ಬೆದರಿಕೆ ತಗ್ಗಿದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ಕಾಯಿಲೆ ವಾಸಿ, ಸಾಲ ವಿಮೋಚನೆ, ವೀಸಾ ಭಾಗ್ಯಗಳ ಭರವಸೆ ಬಂದಿರುವುದು ಮಾತ್ರ ಒಳ್ಳೆಯದಲ್ಲ. ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಆದರೆ ಎಂಟು ನಿಮಿಷದಲ್ಲಿ ಒಂದು ವಾಕ್ಯವನ್ನು ಬಿಡಿಸಿ ಹೇಳಲು ವಾರವಿಡೀ ಓದಿರಬೇಕು. ತಯಾರಿಯಿಲ್ಲದವರಿಗೇ ಮುಕ್ಕಾಲು ಗಂಟೆ ಬೇಕಾಗುವುದು. ಯೂಟ್ಯೂಬಿನ ಖ್ಯಾತ ಬೋಧಕರಿಗೆ ಕೇಳುಗರ ಮನೆಯ ಕಷ್ಟಸುಖ ಗೊತ್ತಿಲ್ಲ. ಊರಿನ ಸಭಾಪಾಲಕರಿಗೆ ಗೊತ್ತು, ಅದೇ ಅವರ ಬಲ. ಅದನ್ನು ಬಿಟ್ಟು ಅವರೂ ಯೂಟ್ಯೂಬಿನ ಧಾಟಿಯನ್ನೇ ಅನುಕರಿಸಿದರೆ ಜನ ಮನೆಯಲ್ಲೇ ಕುಳಿತು ಅಸಲಿಯನ್ನೇ ನೋಡುತ್ತಾರೆ.

ಹಾಗೆಂದು ಡ್ರಮ್ಸ್ ಅಟ್ಟಕ್ಕೇರಿಸಿ, ಲ್ಯಾಟಿನ್‌ಗೆ ಮರಳಿ ಎನ್ನುತ್ತಿಲ್ಲ. ಸಭಾಪಾಲಕರಲ್ಲಿ, ಗುರುಗಳಲ್ಲಿ ಕೇಳುವುದು ಇಷ್ಟೇ: ತಿಂಗಳಿಗೆ ಒಂದು ಭಾನುವಾರವಾದರೂ ಪರದೆ ಮಡಚಿಡಿ, ಮೈಕ್ ಆರಿಸಿ, ಜನರಿಗೇ ಹಾಡಲು ಬಿಡಿ. ಮೊದಲೆರಡು ಸಲ ಅಪಸ್ವರ ಕೇಳಿಸಿದರೆ ಸಹಿಸಿಕೊಳ್ಳಿ.